ಉಸಿರಾಟ ಮತ್ತು ಆಮ್ಲ-ಕ್ಷಾರ ಸಮತೋಲ

ಆರೋಗ್ಯವಂತರ ಅಪಧಮನಿಯ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುತ್ತದೆ. ಈ ಕಿರಿದಾದ ಮಿತಿಯನ್ನು ಕಾಯುವ ಕೆಲಸದಲ್ಲಿ ಉಸಿರಾಟದ ಪಾಲು ದೊಡ್ಡದು. ಜೀವಕೋಶಗಳು ಬಿಡುವ ಇಂಗಾಲದ ಡೈಆಕ್ಸೈಡ್ ನೀರಿನೊಡನೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಅದು ಹೈಡ್ರೋಜನ್ ಅಯಾನು ಮತ್ತು ಬೈಕಾರ್ಬೊನೇಟ್ ಆಗಿ ಒಡೆಯುತ್ತದೆ. ಶ್ವಾಸಕೋಶದಲ್ಲಿ ಈ ಕ್ರಿಯೆ ಹಿಮ್ಮುಖವಾಗಿ ಅನಿಲ ಹೊರಬೀಳುತ್ತದೆ. ಉಸಿರಾಟ ಹೆಚ್ಚಿದರೆ ಆಮ್ಲೀಯತೆ ಇಳಿಯುತ್ತದೆ, ತಗ್ಗಿದರೆ ಏರುತ್ತದೆ.

ಆಮ್ಲಜನಕ ಸಾಲದಾದಾಗ ಉಸಿರಾಡಬೇಕೆನಿಸುತ್ತದೆ ಎಂಬ ರೂಢಿಯ ವಿವರಣೆ ಅರ್ಧ ಸತ್ಯ. ಸಾಮಾನ್ಯ ಸ್ಥಿತಿಯಲ್ಲಿ ಉಸಿರಾಟವನ್ನು ಮುಖ್ಯವಾಗಿ ನಿಯಂತ್ರಿಸುವುದು ಇಂಗಾಲದ ಡೈಆಕ್ಸೈಡ್ ಎಂದು ಶರೀರಕ್ರಿಯಾ ವಿಜ್ಞಾನಿಗಳಾದ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ 1905ರಲ್ಲಿ ತೋರಿಸಿದರು. ಇದನ್ನು ಗ್ರಹಿಸುವ ಕೇಂದ್ರ ಮಿದುಳಿನ ಬುಡದಲ್ಲಿದೆ. ಆಮ್ಲಜನಕದ ಕೊರತೆಯನ್ನು ಗುರುತಿಸುವ ಕೆಲಸ ಮುಖ್ಯವಾಗಿ ಕುತ್ತಿಗೆಯ ಕ್ಯಾರೊಟಿಡ್ ಗ್ರಾಹಿಗಳದು. ಈ ಬಗೆಯ ಗ್ರಾಹಿಗಳ ಪಾತ್ರವನ್ನು ಕಂಡುಹಿಡಿದ ಕಾರ್ನೀಲ್ ಹೇಮನ್ಸ್‌ಗೆ 1938ರ ನೊಬೆಲ್ ಸಂದಿತು.

ಗಾಬರಿಯಿಂದ ಏದುಸಿರು ಬಿಡುವವರ ಬೆರಳು ಜುಮ್ಮೆನ್ನುತ್ತದೆ, ಕೆಲವೊಮ್ಮೆ ಕೈ ಸೆಟೆದುಕೊಳ್ಳುತ್ತದೆ: ರಕ್ತ ಕ್ಷಾರೀಯವಾಗಿ ಅಯಾನು ರೂಪದ ಕ್ಯಾಲ್ಸಿಯಂ ಕುಸಿದಿರುತ್ತದೆ. ಮಧುಮೇಹದಲ್ಲಿ ಕೀಟೊ ಆಮ್ಲಗಳು ಮಿತಿಮೀರಿದಾಗ ರೋಗಿ ಆಳವಾಗಿ, ಬಿಡುವಿಲ್ಲದೆ ಉಸಿರೆಳೆಯುತ್ತಾನೆ. ಇದನ್ನು 1874ರಲ್ಲಿ ವರ್ಣಿಸಿದವನು ಜರ್ಮನ್ ವೈದ್ಯ ಕುಸ್‌ಮೌಲ್. ಶ್ವಾಸಕೋಶದ ತಿದ್ದುಪಡಿ ನಿಮಿಷಗಳಲ್ಲಿ ಆಗುತ್ತದೆ. ಇದೇ ಕೆಲಸಕ್ಕೆ ಮೂತ್ರಪಿಂಡಗಳಿಗೆ ಗಂಟೆಗಳು, ದಿನಗಳೇ ಬೇಕು.

ನೀರಿಗೆ ಧುಮುಕುವ ಮುನ್ನ ರಭಸದಿಂದ ಉಸಿರಾಡುವ ಅಭ್ಯಾಸ ಅಪಾಯಕರ. ಇಂಗಾಲದ ಡೈಆಕ್ಸೈಡ್ ಮೊದಲೇ ಇಳಿದಿರುವುದರಿಂದ ಉಸಿರಿನ ಒತ್ತಡ ತಡವಾಗಿ ಬರುತ್ತದೆ. ಅಷ್ಟರಲ್ಲಿ ಆಮ್ಲಜನಕ ತೀರಿ ಈಜುಗಾರ ನೀರಿನೊಳಗೇ ಪ್ರಜ್ಞೆ ತಪ್ಪಬಹುದು.