ಬಿದ್ದುಹೋದ ಒಂದಕ್ಷರ

ಬಾಬಾಸಾಹೇಬರು 1916ರ ಮೇ 9ರಂದು ಕೊಲಂಬಿಯಾದಲ್ಲಿ ಓದಿದ ‘ಭಾರತದಲ್ಲಿ ಜಾತಿಗಳು’ ಪ್ರಬಂಧ ಮರುವರ್ಷ ಮೇ ತಿಂಗಳ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾಯಿತು. ಸಂಪುಟ 41 ಅಂತ ನಾನೂ ಬರೆದವನೇ. ಅವರ ಬರಹಗಳ ಸರಕಾರಿ ಸಂಪುಟದಲ್ಲೂ ಹಾಗೇ ಇದೆ.

ಗೋಕಾಕದ ನನ್ನ ತರಗತಿಗೆ ಮೂಡಲಗಿಯಿಂದ ಬರುವ ಹುಡುಗಿ ಕೇಳಿದಳು: “ಪತ್ರಿಕೆ ಸುರುವಾದದ್ದು 1872ರಾಗ. ವರ್ಷಕ್ಕೊಂದು ಸಂಪುಟ ಅಂದ್ರ 41 ಬರೂದು 1912ಕ್ಕಲ್ರಿ ಸರ್?”

ಆನ್‌ಲೈನ್ ಸಂಗ್ರಹದಲ್ಲಿ ಮೂಲಪುಟ ತೆಗೆದೆವು. ಸಂಪುಟ 46, ಪುಟ 81ರಿಂದ. ರೋಮನ್ ಅಂಕಿಯೊಳಗಿನ ‘ವಿ’ ಎಲ್ಲೋ ಬಿದ್ದುಹೋಗಿರಬೇಕು. ಆಮೇಲೆ ಒಬ್ಬರದನ್ನೊಬ್ಬರು ನಕಲು ಮಾಡಿದ್ದು.

ಪಂಡಿತರು ಬರೆದದ್ದನ್ನೆಲ್ಲ ನಂಬಬೇಡಿ ಎಂದು ಪಾಠ ಹೇಳುವ ನಾನೇ, ನಮ್ಮವರ ಪುಟ ತೆರೆಯದೆ ತೆರೆದವನಂಗ ಅಡಿಟಿಪ್ಪಣಿ ಹಾಕಿದ್ದೆ. ಹುಕ್ಕೇರಿಯ ಗೆಳೆಯನ ಲೇಖನ ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ರಾತ್ರಿಯೇ ಫೋನು ಮಾಡಿ ತಿದ್ದಿಸಿದೆ.