ಪ್ರೋಗ್ರಾಮಿಂಗ್ ಕಲಿಕೆ: ಪುಸ್ತಕ ಕೊಳ್ಳುವ ಮುನ್ನ

ರಾಯಚೂರು: ಕಂಪ್ಯೂಟರ್ ಭಾಷೆಯೊಂದನ್ನು ಕಲಿಯಹೊರಟ ವಿದ್ಯಾರ್ಥಿಗೆ ಮೊದಲು ಎದುರಾಗುವ ಪ್ರಶ್ನೆ, ಯಾವ ಪುಸ್ತಕ ಎಂಬುದು. ಬೆಂಗಳೂರಿನಲ್ಲಿ ಒಂದು ಪುಸ್ತಕ ಹಿಡಿಸದಿದ್ದರೆ ಇನ್ನೊಂದು ಸುಲಭವಾಗಿ ಸಿಗುತ್ತದೆ. ದೇವದುರ್ಗದಿಂದಲೋ ಮಾನ್ವಿಯಿಂದಲೋ ಬಸ್ಸಿನಲ್ಲಿ ರಾಯಚೂರಿಗೆ ಬಂದು ಪುಸ್ತಕ ಕೊಳ್ಳುವವರಿಗೆ ಆಯ್ಕೆ ತಪ್ಪಿದರೆ ಹಣದ ಜೊತೆಗೆ ಒಂದು ಸೆಮಿಸ್ಟರ್ ಕೂಡ ಕೈತಪ್ಪಬಹುದು.

ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ನಂತರ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ವೃತ್ತಿಶಿಕ್ಷಣದಲ್ಲಿ ಮೀಸಲು ಸೀಟುಗಳು ದೊರೆಯುತ್ತಿವೆ. ಯರಮರಸ್‌ನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. 2019ರಲ್ಲಿ ಆರಂಭಗೊಂಡು ಮೊದಲಿಗೆ ಐಐಟಿ ಹೈದರಾಬಾದ್‌ನ ಆವರಣದಲ್ಲಿ ನಡೆದ ಐಐಐಟಿ ಈಗ ರಾಯಚೂರಿನಲ್ಲಿಯೇ ಇದೆ. ಆದರೆ ಸೀಟು ಸಿಕ್ಕ ಬಳಿಕದ ಓದು ಅವರವರ ಪಾಡು. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಮತ್ತು ಪ್ರೋಗ್ರಾಮಿಂಗ್ ಎರಡೂ ಒಟ್ಟಿಗೆ ಎದುರಾಗುತ್ತವೆ. ಅರ್ಥವಾಗದೆ ಉಳಿದದ್ದು ವಾಕ್ಯವೋ ವಿಷಯವೋ ಎಂಬುದೇ ತಿಳಿಯದೆ, ತಮಗೆ ಈ ವಿದ್ಯೆ ಒಗ್ಗದು ಎಂದು ಅನೇಕರು ಕೈಚೆಲ್ಲುತ್ತಾರೆ. ಎಷ್ಟೋ ಬಾರಿ ದೋಷವಿರುವುದು ಪುಸ್ತಕದಲ್ಲಿ.

ಹಳೆಯ ಪುಸ್ತಕದ ಗುರುತು

ಸಿ ಭಾಷೆಯ ಅಗ್ಗದ ಹಳೆಯ ಪ್ರತಿಗಳಲ್ಲಿ ಬಹುಪಾಲು 'ಟರ್ಬೊ ಸಿ' ಕಾಲದವು. ಬೋರ್ಲ್ಯಾಂಡ್ ಸಂಸ್ಥೆಯ ಈ ತಂತ್ರಾಂಶ ಡಾಸ್ ಕಾರ್ಯಾಚರಣೆ ವ್ಯವಸ್ಥೆಗಾಗಿ ರೂಪುಗೊಂಡದ್ದು. ಇಂತಹ ಪುಸ್ತಕವನ್ನು ಅಂಗಡಿಯಲ್ಲಿಯೇ ಗುರುತಿಸಬಹುದು. ಮೊದಲ ಉದಾಹರಣೆಯಲ್ಲಿ 'ಕೊನಿಯೋ' ಎಂಬ ಹೆಡರ್ ಕಡತ, 'ವಾಯ್ಡ್ ಮೇನ್' ಎಂಬ ಆರಂಭ, ಪರದೆ ಅಳಿಸುವ ಆಜ್ಞೆ ಇದ್ದರೆ ಅದನ್ನು ಕೆಳಗಿಡುವುದೇ ಲೇಸು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ, ಉಚಿತವಾದ ಜಿಸಿಸಿ ಕಂಪೈಲರ್‌ನೊಂದಿಗೆ ಲಿನಕ್ಸ್‌ನಲ್ಲಿ ಆ ಹೆಡರ್ ಕಡತವೇ ಇರುವುದಿಲ್ಲ. ಪುಸ್ತಕದಲ್ಲಿದ್ದಂತೆಯೇ ಟೈಪ್ ಮಾಡಿದರೂ ಮೊದಲ ಸಾಲಿನಲ್ಲಿಯೇ ತಪ್ಪು ಸೂಚನೆ ಬರುತ್ತದೆ.

ಇನ್ನೊಂದು ಪರೀಕ್ಷೆ ಪೂರ್ಣಾಂಕದ ಮಿತಿ. ಹಳೆಯ ಪುಸ್ತಕಗಳು 'ಇಂಟ್' ಎಂಬುದರ ಗರಿಷ್ಠ ಬೆಲೆ 32,767 ಎನ್ನುತ್ತವೆ. ಟರ್ಬೊ ಸಿ ಅದಕ್ಕೆ ಎರಡೇ ಬೈಟ್ ಕೊಡುತ್ತಿದ್ದುದರಿಂದ ಅಂದಿಗೆ ಅದು ಸರಿಯಾಗಿತ್ತು. ಮಾನ್ವಿಯ ಭತ್ತದ ವ್ಯಾಪಾರಿಗೆ ಲೆಕ್ಕದ ಪ್ರೋಗ್ರಾಮ್ ಬರೆಯಲಾಗುತ್ತಿದೆ ಎಂದು ಭಾವಿಸೋಣ. ಚೀಲಕ್ಕೆ 2,000 ರೂಪಾಯಿಯಂತೆ 50 ಚೀಲಕ್ಕೆ ಒಂದು ಲಕ್ಷ ರೂಪಾಯಿ ಆಗಬೇಕು. ಎರಡು ಬೈಟ್‌ನಲ್ಲಿ ಆ ಸಂಖ್ಯೆ ಹಿಡಿಯದೆ ಋಣ 31,072 ಎಂದು ತೋರುತ್ತದೆ, ವ್ಯಾಪಾರಿಯೇ ಸಾಲಗಾರನಾಗುತ್ತಾನೆ! ಇಂದಿನ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ಜಿಸಿಸಿ ನಾಲ್ಕು ಬೈಟ್ ಬಳಸುವುದರಿಂದ ಮಿತಿ 214 ಕೋಟಿಗೂ ಹೆಚ್ಚು. ಈ ಅಳತೆ ಯಂತ್ರ ಮತ್ತು ಕಂಪೈಲರ್‌ಗೆ ತಕ್ಕಂತೆ ಬದಲಾಗುತ್ತದೆ ಎಂದು ತಿಳಿಸುವ ಪುಸ್ತಕ ಒಳ್ಳೆಯದು, ಒಂದೇ ಅಂಕಿಯನ್ನು ಬಾಯಿಪಾಠ ಮಾಡಿಸುವುದಲ್ಲ.

ಪೈಥಾನ್‌ಗೆ ಪರೀಕ್ಷೆ ಇನ್ನೂ ಸುಲಭ. 'ಪ್ರಿಂಟ್' ಪದದ ನಂತರ ಆವರಣ ಚಿಹ್ನೆ ಇಲ್ಲದಿದ್ದರೆ, 7ನ್ನು 2ರಿಂದ ಭಾಗಿಸಿದಾಗ 3 ಎಂಬ ಉತ್ತರವಿದ್ದರೆ ಅದು ಎರಡನೇ ಆವೃತ್ತಿಯ ಪುಸ್ತಕ. ಆ ಆವೃತ್ತಿಗೆ ಬೆಂಬಲ 2020ರ ಜನವರಿ 1ಕ್ಕೆ ಕೊನೆಗೊಂಡಿತು.

ಹೆಸರಾಂತ ಪುಸ್ತಕಗಳು

ಬ್ರಯಾನ್ ಕರ್ನಿಘನ್ ಮತ್ತು ಡೆನಿಸ್ ರಿಚಿ ಬರೆದ ಸಿ ಗ್ರಂಥ (1978, ಎರಡನೇ ಆವೃತ್ತಿ 1988) ಮೂಲ ಆಕರ. ಗಾತ್ರ ಚಿಕ್ಕದು, ವಾಕ್ಯಗಳು ಬಿಗಿ. ಇದು ಆರಂಭಿಕರ ಕೈಪಿಡಿಯಲ್ಲವೆಂದು ಲೇಖಕರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಎರಡನೆಯ ಓದಿಗೆ ಇದಕ್ಕೆ ಸಾಟಿಯಿಲ್ಲ. ಮೊದಲ ಓದಿಗೆ ಸಲ್ಲದು. ಇ. ಬಾಲಗುರುಸ್ವಾಮಿ ಅವರ ಪುಸ್ತಕ ಪರೀಕ್ಷೆಗೆ ಅನುಕೂಲ, ಉದಾಹರಣೆಗಳು ಹೇರಳ. ಯಶವಂತ ಕಾನೇಟ್ಕರ್ ಅವರ 'ಲೆಟ್ ಅಸ್ ಸಿ' ಸರಳ ಇಂಗ್ಲಿಷ್‌ನಲ್ಲಿದ್ದು ಹೊಸಬರಿಗೆ ಹತ್ತಿರವಾಗುತ್ತದೆ. ಆದರೆ ಅದರ ಹಳೆಯ ಆವೃತ್ತಿಗಳು ಟರ್ಬೊ ಸಿ ಕಾಲದವಾದ್ದರಿಂದ ಮುದ್ರಣದ ವರ್ಷ ನೋಡಿಯೇ ಕೊಳ್ಳಬೇಕು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷದ ಸಿ ವಿಷಯಕ್ಕೆ ರೀಮಾ ಥರೇಜಾ ಅವರ ಪುಸ್ತಕವನ್ನೂ, ಪೈಥಾನ್‌ಗೆ ಆಲ್ ಸ್ವೈಗಾರ್ಟ್ ಮತ್ತು ಆ್ಯಲೆನ್ ಡೌನಿ ಅವರ ಪುಸ್ತಕಗಳನ್ನೂ ಸೂಚಿಸಲಾಗಿತ್ತು. ಕೊನೆಯ ಇಬ್ಬರ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಲೇಖಕರೇ ಉಚಿತವಾಗಿ ಓದಲು ಕೊಟ್ಟಿದ್ದಾರೆ. ಹಣ ಕೊಡುವ ಮುನ್ನ ಎರಡು ಅಧ್ಯಾಯ ಓದಿ ನೋಡುವ ಅವಕಾಶ ಹಳ್ಳಿಯ ವಿದ್ಯಾರ್ಥಿಗೂ ಇದೆ. ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಕಂಪ್ಯೂಟರ್ ವಿಜ್ಞಾನ ಪುಸ್ತಕಗಳೂ ಪೈಥಾನ್ ಕಲಿಸುತ್ತವೆ. ಅವುಗಳನ್ನೂ ಉಚಿತವಾಗಿ ಇಳಿಸಿಕೊಳ್ಳಬಹುದು. ಮೊದಲ ಓದಿಗೆ ಇವುಗಳಿಗಿಂತ ಮಿತವ್ಯಯದ ದಾರಿ ಇಲ್ಲ.

ಕನ್ನಡದ ಮಾತು

ಪೈಥಾನ್ 3ರಲ್ಲಿ ಕಾಯ್ದಿರಿಸಿದ ಇಂಗ್ಲಿಷ್ ಪದಗಳು 35 ಮಾತ್ರ. ಯೂನಿಕೋಡ್ ಬೆಂಬಲವಿರುವುದರಿಂದ 'ಬೆಲೆ', 'ಚೀಲ' ಎಂದು ಚರಾಕ್ಷರಗಳಿಗೆ ಕನ್ನಡದಲ್ಲಿಯೇ ಹೆಸರಿಡಬಹುದು, ಉತ್ತರವನ್ನೂ ಕನ್ನಡದಲ್ಲಿ ಮುದ್ರಿಸಬಹುದು. ಉದ್ಯೋಗದಲ್ಲಿ ಇಂಗ್ಲಿಷ್ ಹೆಸರುಗಳೇ ರೂಢಿ ಎಂಬುದು ನಿಜ. ಆದರೂ ಮೊದಲ ತಿಂಗಳಲ್ಲಿ ಹೀಗೆ ಬರೆದರೆ ಯಾವುದು ಭಾಷೆಯ ಕಟ್ಟಳೆ, ಯಾವುದು ತಾನಿಟ್ಟ ಹೆಸರು ಎಂಬ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಇಂಗ್ಲಿಷ್ ಪುಸ್ತಕದ ಜೊತೆಗೆ ಕೇಳುವ ಪಾಠ ಬೇಕೆನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಸಿ ಪಾಠಗಳು ಕನ್ನಡ ಧ್ವನಿಯಲ್ಲಿ ಉಚಿತವಾಗಿ ಲಭ್ಯ. ಅವು ಜಿಸಿಸಿಯನ್ನೇ ಬಳಸುತ್ತವೆ.