ಬೀಳು ಹೊಲದ ಜೋಳ

ಉಳಿತಾಯದ ಮಹಿಮೆಯನ್ನು ನಮ್ಮ ಪಾಠಗಳು ಸಾಕಷ್ಟು ಹಾಡಿವೆ. ಆದರೆ ಕೂಲಿಯ ಜೋಳ ಸಂಜೆಗೇ ತೀರುವ ಮನೆಯಲ್ಲಿ ಉಳಿಸುವುದೆಂದರೆ ಒಂದು ರೊಟ್ಟಿಯನ್ನು ಕಡಿಮೆ ತಿನ್ನುವುದೇ ಸರಿ. ನಮ್ಮ ನ್ಯಾಲ್ಕಲ್, ಜಹೀರಾಬಾದ್ ಸೀಮೆಯ ಈಚಿನ ಚರಿತ್ರೆಯಲ್ಲಿ ಬೇರೊಂದು ದಾರಿ ಕಾಣುತ್ತದೆ.

ಭೂಸುಧಾರಣೆಯಿಂದ ಇಲ್ಲಿನ ದಲಿತ ಕುಟುಂಬಗಳಿಗೆ ದೊರೆತುದು ಬಹುಮಟ್ಟಿಗೆ ಬರಡು ನೆಲ. 1983ರಲ್ಲಿ ಆಗಿನ ಆಂಧ್ರಪ್ರದೇಶ ಸರಕಾರವು ಕಿಲೋ ಅಕ್ಕಿಯನ್ನು 2 ರೂಪಾಯಿಗೆ ಕೊಡತೊಡಗಿತು. ಖರ್ಚು ತಗ್ಗಿತು, ಹಸಿವೂ ತಗ್ಗಿತೆನ್ನಬೇಕು. ಆದರೆ ಜೋಳದ ಹೊಲಗಳು ಬೀಳುಬಿದ್ದವು. ಅವುಗಳೊಡನೆ ಕೂಲಿಯೂ ದನಗಳ ಮೇವೂ ಹೋದವು.

ಅದೇ ವರ್ಷ ಆರಂಭವಾದ, ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಈ ಬೀಳಿಗೇ ಕೈಹಾಕಿದವು. 1990ರ ದಶಕದ ನಡುವೆ ಅವು ಹೊಲದ ಒಡೆಯರಿಗೆ ಉಳುಮೆಗೂ ಗೊಬ್ಬರಕ್ಕೂ ಸಾಲ ಕೊಟ್ಟವು. ತೀರಿಸಬೇಕಾದುದು ಹಣದಿಂದಲ್ಲ, ವರ್ಷವರ್ಷವೂ ಜೋಳ ಅಳೆದು. (ಗಣಿತದ ಉಪಾಧ್ಯಾಯರು ಈ ಲೆಕ್ಕವನ್ನು ಮಕ್ಕಳಿಂದ ಮಾಡಿಸಬಹುದು.) ಊರಿನಲ್ಲೇ ಕೂಡಿಟ್ಟ ಆ ಜೋಳವನ್ನು ಕೆಲಸ ಸಿಗದ ಮಳೆಗಾಲದಲ್ಲಿ ಬಡವರಿಗೆ ಅಗ್ಗವಾಗಿ ಮಾರಿದರು, ಬಂದ ಹಣ ಮತ್ತೆ ನೆಲಕ್ಕೇ ಹೋಯಿತು. ಹೀಗೆ 2,000 ಎಕರೆಗೂ ಮಿಕ್ಕ ಬೀಳು ಉಳುಮೆಗೆ ಬಂದಿತು.

2019ರಲ್ಲಿ ಈ ಸಂಘಗಳಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂದುದನ್ನು ಪತ್ರಿಕೆಗಳು ಬರೆದವು. ನಮಗೆ ಅದಕ್ಕಿಂತ ದೊಡ್ಡದಾಗಿ ತೋರುವುದು ಬೇರೆಯೇ: ಬಿತ್ತನೆಯ ಬೀಜಕ್ಕೆ ದೊಡ್ಡವರ ಬಾಗಿಲಲ್ಲಿ ನಿಲ್ಲಬೇಕಾಗಿದ್ದ ಕೂಲಿ ಹೆಂಗಸರು ತಾವೇ ಬೀಜ ಕಾದಿಟ್ಟು ನೆರೆಯವರಿಗೆ ಅಳೆದುಕೊಟ್ಟರು.